ಹೆಬ್ಬೆರಳಿನ ಕಹಿ

ನಾನು ಅಜ್ಜನಾದೆ! ಅದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಮಾತು ಕೈಗೆ ಬರುವುದಿಲ್ಲ. ಮಗಳು ನಫೀಸ ಪುತ್ತೂರಿನ ಆಸ್ಪತ್ರೆಯಲ್ಲಿ ಹೆತ್ತಳು. ಗಂಡು ಮಗು. ತಲೆ ತುಂಬ ಕೂದಲು. ಮೂಗು ಅಳಿಯನ ಕಡೆಯದ್ದು, ಸ್ವರ ಮಾತ್ರ ನನ್ನದು. ಸಂತೆಯಲ್ಲಿ ನಿಂತು ಒಣಮೀನು ಕೂಗುವ ಸ್ವರ. ಹೊರಗೆ ಬೆಂಚಿನಲ್ಲಿ ಕುಳಿತವರೆಲ್ಲ ನರ್ಸಮ್ಮನನ್ನು ಗಂಡೋ ಹೆಣ್ಣೋ ಎಂದು ಕೇಳಿದರು. ನಾನು ಕೇಳಿದ್ದು, "ರಕ್ತ ನಿಂತಿತಾ?" ಎಂದು. "ನಿಂತಿತು ಅಜ್ಜ, ಎಲ್ಲರಿಗೂ ನಿಲ್ಲುವ ಹಾಗೆಯೇ ನಿಂತಿತು" ಎಂದು ಆಕೆ ನಕ್ಕರು. ಆ ಹೆಂಗಸಿಗೆ ಏನು ಗೊತ್ತು! ಎಲ್ಲರ ಹಾಗೆ ಎನ್ನುವ ಆ ಮಾತಿಗೆ ನಾನು ಅಲ್ಲೇ ಗೋಡೆ ಹಿಡಿದುಕೊಂಡೆ.

ಈ ಸುದ್ದಿಯನ್ನು ಮೊದಲು ಮುಟ್ಟಿಸಬೇಕಾದವರು ಪುತ್ತೂರಿನಲ್ಲಿ ಒಬ್ಬರಿದ್ದರು. ಖರ್ಜೂರದ ಒಂದು ಪೊಟ್ಟಣ ಕಟ್ಟಿಸಿಕೊಂಡು ಅವರ ಮನೆಗೆ ಓಡಿದೆ. ಬಾಗಿಲು ತೆರೆದ ಸೊಸೆ, "ಮಾವ ತೀರಿಹೋಗಿ ವಾರ ಆಯ್ತಲ್ಲ, ನಿಮಗೆ ಗೊತ್ತಾಗಲಿಲ್ವಾ?" ಎಂದರು. ಪೊಟ್ಟಣವನ್ನು ಜಗಲಿಯ ಮೇಲಿಟ್ಟು ಬಂದೆ. ಅವರಿಗೆ ಹೇಳಬೇಕಾದದ್ದು ಹೊಟ್ಟೆಯಲ್ಲೇ ಉಳಿಯಿತು. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನ ಬರಹ, ಹೆಚ್ಚುಕಡಿಮೆ ಇದ್ದರೆ ಓದುವವರು ಹೊಂದಿಸಿಕೊಳ್ಳಬೇಕು.

ಆ ಡಾಕ್ಟರ ಹೆಸರು ಬರೆಯುವುದಿಲ್ಲ. ಅವರ ಆಸ್ಪತ್ರೆಯ ಬಾಗಿಲಲ್ಲಿ ಬೋರ್ಡೇ ಇರಲಿಲ್ಲ. ಯಾಕೆ ಎಂದು ಯಾರೋ ಕೇಳಿದ್ದಕ್ಕೆ, "ಕಾಯಿಲೆಯವನಿಗೆ ದಾರಿ ಗೊತ್ತುಂಟು, ಕಾಯಿಲೆ ಇಲ್ಲದವನು ಬರುದು ಬೇಡ" ಎಂದರಂತೆ.

ಆಸ್ಪತ್ರೆ ಎಂದರೂ ಅದೊಂದು ಹಂಚಿನ ಕಟ್ಟಡ. ಒಳಗೆ ನಾಲ್ಕು ಮಂಚ, ಹೊರಗೆ ಒಂದು ಬೆಂಚು, ಕಿಟಕಿಗೆ ತಾಗಿಸಿ ಒಂದು ಮೇಜು. ಮೇಜಿನ ಮೇಲೆ ಹಿತ್ತಾಳೆಯ ಮೈಕ್ರೋಸ್ಕೋಪು. ಅದರ ಬುಡದಲ್ಲಿ ಒಂದು ಸಣ್ಣ ದುಂಡು ಕನ್ನಡಿ. ಆಕಾಶದ ಬೆಳಕು ಕಿಟಕಿಯಿಂದ ಆ ಕನ್ನಡಿಗೆ ಬಿದ್ದು ಮೇಲಕ್ಕೆ ಹೋದರೆ ಮಾತ್ರ ಗಾಜಿನ ಮೇಲಿನ ರಕ್ತ ಅವರ ಕಣ್ಣಿಗೆ ಕಾಣುತ್ತಿತ್ತು. ಪೇಟೆಗೆ ಕರೆಂಟು ಬಂದಿತ್ತು, ಅವರ ಮೇಜಿನ ಮೇಲೂ ಒಂದು ಬಲ್ಬು ತೂಗುತ್ತಿತ್ತು. ಆದರೆ ಅದನ್ನು ಅವರು ನಂಬುತ್ತಿರಲಿಲ್ಲ. "ಬಲ್ಬಿನ ಬೆಳಕಲ್ಲಿ ನೋಡಿದ್ರೆ ಇಡೀ ಪುತ್ತೂರಿಗೆ ಕಾಮಾಲೆ" ಎನ್ನುತ್ತಿದ್ದರು.

ಹಾಗಾಗಿ ಕಿಟಕಿಗೆ ಅಡ್ಡ ನಿಂತವನಿಗೆ ಗ್ರಹಚಾರ. "ಬೆಳಕು ಬಿಡಿ!" ಎಂಬ ಗರ್ಜನೆ ರಸ್ತೆಗೆ ಕೇಳುತ್ತಿತ್ತು. ಒಮ್ಮೆ ಜರಿಶಾಲಿನ ದೊಡ್ಡ ಜಮೀನುದಾರರೊಬ್ಬರು ಬಂದು ಕಿಟಕಿಯ ಎದುರೇ ನಿಂತು ಕುಶಲ ಮಾತಾಡಲು ತೊಡಗಿದರು. ಇವರು ತಲೆಯೆತ್ತದೆ, "ನಿಮ್ಮ ಹೊಟ್ಟೆಯ ಆಚೆ ಒಬ್ಬ ಸಾಯ್ತಾ ಇದ್ದಾನೆ ಮಾರಾಯ್ರೆ, ಬದಿಗೆ ಬನ್ನಿ" ಎಂದರು. ಅವರು ಮತ್ತೆ ಆ ಕಡೆ ಬರಲಿಲ್ಲ. ಇವರಿಗೆ ಅದರಿಂದ ಬೇಸರವೂ ಆಗಲಿಲ್ಲ.

ಜನರ ಹೆಸರು ಅವರಿಗೆ ನೆನಪಿರುತ್ತಿರಲಿಲ್ಲ, ರಕ್ತ ನೆನಪಿರುತ್ತಿತ್ತು. ಸಂತೆಯಲ್ಲಿ ಒಬ್ಬ ಹೆಂಗಸನ್ನು ಕಂಡು, "ನಿಮ್ಮದು ನೀರಿನ ಹಾಗೆ ಇತ್ತಲ್ಲ, ಈಗ ಕೆಂಪಾಯ್ತಾ?" ಎಂದು ಎಲ್ಲರೆದುರು ಕೇಳಿ, ಆಕೆಯ ಗಂಡ ಕೈ ಮಾಡಲು ಬಂದದ್ದುಂಟು.

ಇನ್ನೊಂದು ಗುಣ ಹೇಳಬೇಕು. ಅವರು ಯಾರಿಗೂ "ಹೆದರಬೇಡಿ" ಎಂದವರಲ್ಲ. ಬೇರೆ ಡಾಕ್ಟರುಗಳು ಬೆನ್ನು ತಟ್ಟಿ, ಏನಿಲ್ಲ, ಗುಣವಾಗುತ್ತದೆ ಎನ್ನುತ್ತಿದ್ದರು. ಇವರ ಹತ್ತಿರ "ಗುಣ ಆದೀತಾ ಡಾಕ್ಟ್ರೆ?" ಎಂದು ಕೇಳಿದರೆ, "ನೋಡದೆ ಹೇಳುದು ಹೇಗೆ?" ಎನ್ನುವರು. ನೋಡಿ ಆದ ಮೇಲೆ ಕೇಳಿದರೆ, "ಕಂಡದ್ದು ಹೇಳಿದೆ. ಕಾಣದ್ದು ಕೇಳ್ಬೇಡಿ" ಎನ್ನುವರು. ಸುಳ್ಯದ ಕಡೆಯ ಒಬ್ಬ, ಮನಸ್ಸಿಗೆ ಸಮಾಧಾನಕ್ಕಾದರೂ ಒಂದು ಇಂಜೆಕ್ಷನ್ ಚುಚ್ಚಿ ಎಂದು ಅಂಗಲಾಚಿದಾಗ, "ನಿಮ್ಮನ್ನು ಸುಮ್ಮನೆ ಚುಚ್ಚುದಕ್ಕೆ ನನಗೆ ನಿಮ್ಮ ಮೇಲೆ ಹಗೆ ಉಂಟಾ?" ಎಂದು ಅವನನ್ನು ಹಾಗೇ ಕಳಿಸಿದರು. ಆ ನಾಲಿಗೆಯಲ್ಲಿ ಜೇನಿಲ್ಲ ಎಂದು ಪೇಟೆಯವರು ಹೇಳುತ್ತಿದ್ದರು. ಜೇನಿರಲಿಲ್ಲ, ನಿಜ.

ನಾನು ಅವರ ಬಾಗಿಲಿಗೆ ಬಂದದ್ದು ನಫೀಸಳನ್ನು ಎತ್ತಿಕೊಂಡು. ಅರುವತ್ತರ ದಶಕದ ನಡುವಿನ ಒಂದು ಮಳೆಗಾಲದ ಆರಂಭ. ಅವಳಿಗೆ ಆಗ ಆರು ವರ್ಷ. ನಮ್ಮ ಮನೆ ಕಡಬದಲ್ಲಿ. ಅಲ್ಲಿಯ ಸಂತೆಯಲ್ಲಿ ನನಗೆ ಒಣಮೀನಿನ ವ್ಯಾಪಾರ. ಮಗುವಿನ ಮೊಣಕಾಲಿನ ಕೆಳಗೆಲ್ಲ ನೇರಳೆ ಹಣ್ಣಿನ ಕಲೆಯ ಹಾಗೆ ಚುಕ್ಕೆಗಳು, ತೋಳಿನಲ್ಲಿ ನೀಲಿ ಬಾವು, ಹಲ್ಲು ಉಜ್ಜಿದರೆ ವಸಡಿನಿಂದ ರಕ್ತ.

ಅವರು ಫ್ರಾಕಿನ ತೋಳು ಸರಿಸಿ ನೋಡಿ ನನ್ನ ಮುಖ ನೋಡಿದರು. "ಯಾರು ಹೊಡೆದದ್ದು?"

"ಯಾರೂ ಹೊಡೀಲಿಲ್ಲ ಡಾಕ್ಟ್ರೆ. ಅಲ್ಲಾಹನಾಣೆ."

"ಬ್ಯಾರಿಗಳೆ, ನಾನು ಪೋಲೀಸಲ್ಲ. ಹೊಡೆದಿದ್ರೆ ಹೇಳಿ, ಅದು ಸುಲಭ. ಹೊಡೀಲಿಲ್ಲ ಅಂತಾದ್ರೆ ಕಷ್ಟ."

ನಾನು ಹೊಡೆದಿದ್ದೇನೆ ಎನ್ನಬಾರದೇ ಎಂದು ಒಂದು ಗಳಿಗೆ ಅನ್ನಿಸಿತು, ಅವರು ಆ ಕಷ್ಟ ಎನ್ನುವ ಮಾತನ್ನು ಹೇಳಿದ ರೀತಿಗೆ.

ಕಿವಿಯ ತುದಿಗೆ ಒಂದು ಸೂಜಿ ಮೊನೆ ತಾಗಿಸಿದರು. ಕೈಯಲ್ಲಿ ಗಡಿಯಾರ, ಇನ್ನೊಂದು ಕೈಯಲ್ಲಿ ಶಾಯಿ ಹೀರುವ ಕಾಗದ. ಸ್ವಲ್ಪ ಹೊತ್ತಿಗೊಮ್ಮೆ ಕಾಗದವನ್ನು ಹನಿಗೆ ಮುಟ್ಟಿಸಿ ತೆಗೆಯುವುದು. ಕಾಗದದಲ್ಲಿ ಕೆಂಪು ಚುಕ್ಕೆಗಳ ಸಾಲು ಬೆಳೆಯಿತು. ಚುಕ್ಕೆ ಸಣ್ಣದಾಗುತ್ತಾ ಹೋಗಿ ಇಲ್ಲವಾಗಬೇಕಂತೆ. ನಮ್ಮದು ಸಣ್ಣದಾಗಲಿಲ್ಲ. ಒಂದು ಸಾಲು ಮುಗಿಯಿತು, ಎರಡನೆಯದು ಮುಗಿಯಿತು, ಕಾಗದ ತಿರುಗಿಸಿ ಹಿಡಿದರು. ನನ್ನ ಹೆಂಡತಿ ಆ ಕಡೆ ತಿರುಗಿ ಗೋಡೆ ನೋಡುತ್ತಾ ನಿಂತಳು.

ಆಮೇಲೆ ಸಪೂರ ಗಾಜಿನ ನಳಿಗೆಯನ್ನು ಹನಿಗೆ ಹಿಡಿದು, ಅದರ ರಬ್ಬರ್ ತುದಿಯನ್ನು ಬಾಯಲ್ಲಿಟ್ಟು ರಕ್ತವನ್ನು ಮೆಲ್ಲಗೆ ಎಳೆದರು. ಅದನ್ನು ಗೆರೆ ಕೊರೆದ ಒಂದು ಗಾಜಿಗೆ ಬಿಟ್ಟು ಎಣಿಸಿದರು. ಇನ್ನೊಂದು ಹನಿಯನ್ನು ಬೇರೆ ಗಾಜಿನ ಮೇಲೆ ದೋಸೆಯ ಹಿಟ್ಟು ಎಳೆದ ಹಾಗೆ ಎಳೆದು, ಒಣಗಿಸಿ, ನೀಲಿ ಬಣ್ಣ ಹೊಯ್ದು ನೋಡಿದರು. ಅಷ್ಟು ಹೊತ್ತು ಕಣ್ಣು ಕೊಳವೆಯಿಂದ ಏಳಲಿಲ್ಲ. ಎದ್ದ ಮೇಲೆ ನನ್ನನ್ನು ಕರೆದು ಕೂರಿಸಿದರು.

"ನಿಮ್ಮದು ಎಂತ ವ್ಯಾಪಾರ? ಕೇಳುದೇ ಬೇಡ, ಬಾಗಿಲಿಂದಲೇ ಗೊತ್ತಾಯ್ತು. ಹಾಗಾದ್ರೆ ಕೇಳಿ. ರಕ್ತ ಹೆಪ್ಪುಗಟ್ಟಿಸುವ ಸಣ್ಣ ಸಣ್ಣ ಚೂರುಗಳುಂಟು, ಪ್ಲೇಟ್‌ಲೆಟ್ ಅಂತ ಹೆಸರು. ನಿಮ್ಮ ಮಗಳಲ್ಲಿ ಅದು ಇಲ್ಲದ ಹಾಗೆಯೇ. ನಿಮ್ಮ ಅಂಗಡಿಯಲ್ಲಿ ಮೀನು ಇಲ್ಲ ಅಂತ ಇಟ್ಟುಕೊಳ್ಳಿ. ಯಾಕೆ ಇಲ್ಲ?"

"ದೋಣಿ ಕಡಲಿಗೆ ಇಳಿಯದಿದ್ರೆ ಮೀನಿಲ್ಲ ಡಾಕ್ಟ್ರೆ."

"ಅದೊಂದು. ಇನ್ನೊಂದು?"

"ಬಂದ ಮೀನನ್ನು ಒಣಗಲಿಕ್ಕೆ ಹಾಕಿದಲ್ಲಿ ಕಾಗೆ ತಿಂದ್ರೆ."

"ಹಾಂ! ಅಷ್ಟೇ. ದೋಣಿ ಇಳಿಯುದು ಎಲುಬಿನ ಒಳಗೆ. ಅಲ್ಲಿ ಕೆಲಸ ನಿಂತಿದ್ರೆ ಕೆಂಪು ಕಣವೂ ಇರ್ತಿರಲಿಲ್ಲ, ಬಿಳಿ ಕಣವೂ ಇರ್ತಿರಲಿಲ್ಲ, ಎಲ್ಲ ಬರುದು ಅದೇ ಕಡಲಿಂದ. ಎಣಿಸಿದೆ. ಅವೆರಡೂ ಸರಿ ಉಂಟು. ಮತ್ತೆ, ಸಿಕ್ಕಿದ ಒಂದೆರಡು ಪ್ಲೇಟ್‌ಲೆಟ್ ದೊಡ್ಡ ದೊಡ್ಡದು, ಈಗಷ್ಟೇ ದೋಣಿಯಿಂದ ಇಳಿಸಿದ ಹಾಗೆ. ಅಂದ್ರೆ ಮಾಲು ಬರ್ತಾ ಉಂಟು. ದಾರಿಯಲ್ಲಿ ಕಾಗೆ ತಿನ್ನುದು."

"ಯಾವ ಕಾಗೆ ಡಾಕ್ಟ್ರೆ?"

"ಅದು ಗೊತ್ತಿದ್ರೆ ನಿಮ್ಮ ಹತ್ತಿರ ಮೀನಿನ ವಿಷಯ ಯಾಕೆ ಮಾತಾಡ್ತಿದ್ದೆ?"

ದೋಣಿ ನಿಂತಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವರು ಹೇಳಿಬಿಡುತ್ತಿದ್ದರು.

ಆ ಸಲ ನಾಲ್ಕು ಮಂಚದಲ್ಲಿ ಒಂದು ನಮ್ಮದಾಯಿತು. ಹೆಂಡತಿ ಮಗುವಿನ ಹತ್ತಿರ ಉಳಿದಳು, ನಾನು ಸಂತೆಗೂ ಪುತ್ತೂರಿಗೂ ಓಡಾಡಿದೆ. ವಿಶೇಷ ಮದ್ದೇನೂ ಕೊಡಲಿಲ್ಲ. ಓಡಬಾರದು, ಬೀಳಬಾರದು, ಗಟ್ಟಿ ತಿನಿಸು ಕಚ್ಚಬಾರದು. ಮಗು ಹೆಬ್ಬೆರಳು ಚೀಪುತ್ತಾ ಮಲಗಿರುವುದು, ಇವರು ಬಂದು ಕಾಲಿನ ಚುಕ್ಕೆ ನೋಡುವುದು, ರಕ್ತ ಎಣಿಸುವುದು. ಮೆಲ್ಲಗೆ ಲೆಕ್ಕ ಏರಿತು. ಚುಕ್ಕೆ ಮಾಸಿತು. ಮನೆಗೆ ಕರೆದುಕೊಂಡು ಹೋದೆವು. ನನ್ನ ಉಮ್ಮ ಮೊಮ್ಮಗಳನ್ನು ಬಾಗಿಲಲ್ಲೇ ಎತ್ತಿಕೊಂಡು ಒಳಗೆ ಹೋದರು, ನಮ್ಮ ಕೈಗೆ ಕೊಡಲೇ ಇಲ್ಲ. ಅವಳೆಂದರೆ ಅವರಿಗೆ ಜೀವ.

ತಿಂಗಳು ತುಂಬುವ ಮೊದಲು ಚುಕ್ಕೆ ಮತ್ತೆ ಬಂತು.

ಈ ಸಲ ಡಾಕ್ಟರು ಮೈಕ್ರೋಸ್ಕೋಪಿನಿಂದ ಎದ್ದು, "ಇಲ್ಲಿದ್ರೆ ಸರಿ, ಮನೆಗೆ ಹೋದ್ರೆ ಬೀಳ್ತದೆ. ಕಾಗೆ ನಿಮ್ಮ ಮನೆಯಲ್ಲಿ ಉಂಟು" ಎಂದರು. ಹೊಟ್ಟೆಗೋ ಮೈಗೋ ಯಾವುದಾದರೂ ಮದ್ದು ಕೊಟ್ಟಿದ್ದೀರಾ ಎಂದು ಕೇಳಿದರು. ಇಲ್ಲ ಎಂದೆವು. ಅದು ಸುಳ್ಳಾಗಿರಲಿಲ್ಲ, ನಮ್ಮ ತಿಳಿವಳಿಕೆಯಲ್ಲಿ ಸತ್ಯವೇ. ಅವರಿಗೆ ಸಮಾಧಾನವಾಗಲಿಲ್ಲ. "ಮಗು ಮುಟ್ಟುವ ಎಲ್ಲವನ್ನೂ ತನ್ನಿ" ಎಂದರು. ಬುಟ್ಟಿ ತುಂಬಿಸಿ ತಂದೆ: ಕಾಡಿಗೆ, ತಲೆಗೆ ಹಚ್ಚುವ ಎಣ್ಣೆ, ಸಾಬೂನು, ಉಪ್ಪಿನಕಾಯಿಯ ಭರಣಿ, ಅಂಗಡಿಯ ಬಣ್ಣದ ಮಿಠಾಯಿ, ಮಸೀದಿಯ ಉಸ್ತಾದರು ಪಿಂಗಾಣಿ ತಟ್ಟೆಯಲ್ಲಿ ಕುರ್‌ಆನಿನ ಆಯತ್ತು ಬರೆದುಕೊಡುವ ಕೇಸರಿ ನೀರು. ಮೇಜಿನ ಮೇಲೆ ಸಾಲಾಗಿ ಇಟ್ಟೆ. ಒಂದೊಂದನ್ನೇ ಮೂಸಿದರು. ಕೇಸರಿ ನೀರನ್ನು ಬೆರಳಲ್ಲಿ ಮುಟ್ಟಿ, "ಇದು ನನ್ನ ಟಾನಿಕ್ಕಿಗಿಂತ ಒಳ್ಳೆದು, ಕೊಡಿ" ಎಂದು ಪಕ್ಕಕ್ಕಿಟ್ಟರು. ಕಾಗೆ ಆ ಬುಟ್ಟಿಯಲ್ಲಿರಲಿಲ್ಲ.

ಕೊನೆಗೆ, ಮಲೇರಿಯಾ ಸೊಳ್ಳೆಗೆಂದು ಸರಕಾರದವರು ಮನೆಯ ಗೋಡೆಗಳಿಗೆ ಮದ್ದು ಹೊಡೆದದ್ದು ನನಗೆ ನೆನಪಾಯಿತು. ಅವರ ಕಣ್ಣು ಅರಳಿತು. "ಇರಬಹುದು" ಎಂದರು. ಅವರ ಬಾಯಲ್ಲಿ ಇರಬಹುದು ಬಂದದ್ದೇ ನಮಗೆ ಹಬ್ಬ. ಲೆಕ್ಕ ಏರಿದ ಮೇಲೆ ಮಗುವನ್ನು ನಮ್ಮ ಮನೆಗೆ ಒಯ್ಯದೆ ಇಚಿಲಂಪಾಡಿಯ ನನ್ನ ತಂಗಿಯ ಮನೆಗೆ ಕಳಿಸಿದೆವು. ಅಲ್ಲಿ ಮದ್ದು ಹೊಡೆದಿರಲಿಲ್ಲ. "ಈ ಸಲ ನಾನೇ ನೋಡಿಕೊಳ್ತೇನೆ, ನೀವಿಬ್ಬರೂ ಸೋತಿದ್ದೀರಿ" ಎಂದು ಉಮ್ಮ ತನ್ನ ಬಟ್ಟೆಯ ಗಂಟು ಕಟ್ಟಿಕೊಂಡು ಜೊತೆಗೆ ಹೊರಟರು.

ಬರೆಯುವುದನ್ನು ಸ್ವಲ್ಪ ನಿಲ್ಲಿಸಿದ್ದೆ. ಒಳಗೆ ಮೊಮ್ಮಗ ಆಕಳಿಸಿದನಂತೆ, ನೋಡಲು ಕರೆದರು. ಹೋಗುವಷ್ಟರಲ್ಲಿ ಬಾಯಿ ಮುಚ್ಚಿದ್ದ! ಇನ್ನೊಮ್ಮೆ ಆಕಳಿಸುವವರೆಗೆ ನಿಂತು ನೋಡಿಯೇ ಬಂದೆ.

ಮೂರನೆಯ ಸಲದ್ದು ಬರೆಯಲು ಕೈ ಈಗಲೂ ಹಿಂದೆಗೆಯುತ್ತದೆ. ಆಟಿ ತಿಂಗಳ ಮಳೆ. ಇಚಿಲಂಪಾಡಿಯಿಂದ ತಂಗಿಯ ಗಂಡ ಓಡಿ ಬಂದ: ಮಗುವಿಗೆ ಬೆಳಿಗ್ಗೆಯಿಂದ ಮೂಗಿನಲ್ಲಿ ರಕ್ತ, ನಿಲ್ಲುತ್ತಿಲ್ಲ. ಅವಳನ್ನು ಎತ್ತಿಕೊಂಡು, ಉಮ್ಮನನ್ನೂ ಹೆಂಡತಿಯನ್ನೂ ಕರೆದುಕೊಂಡು ಹೊಳೆಯ ಕಡವಿಗೆ ಬಂದರೆ ಕುಮಾರಧಾರೆ ಕೆಂಪಾಗಿ ಹರಿಯುತ್ತಿದೆ. ದೋಣಿಯವನು ದೋಣಿಯನ್ನು ಮರಕ್ಕೆ ಕಟ್ಟಿ ಬೀಡಿ ಎಳೆಯುತ್ತಿದ್ದ. "ಬ್ಯಾರಿಗಳೆ, ಇವತ್ತು ರಾಜ ಬಂದರೂ ದೋಣಿ ಬಿಚ್ಚುದಿಲ್ಲ" ಎಂದ. ನಾನು ಮಗುವಿನ ಮುಖದ ಬಟ್ಟೆ ತೆಗೆದು ತೋರಿಸಿದೆ. ಬೀಡಿ ಎಸೆದು ಹಗ್ಗ ಬಿಚ್ಚಿದ.

ಪುತ್ತೂರು ತಲಪುವಾಗ ಮಧ್ಯಾಹ್ನ. ಆದರೆ ಮುಗಿಲು ಇಳಿದು ಮುಸ್ಸಂಜೆಯ ಹಾಗಾಗಿತ್ತು. ಕರೆಂಟೂ ಹೋಗಿತ್ತು. ಡಾಕ್ಟರು ಮೂಗಿಗೆ ಬಟ್ಟೆಯ ಪಟ್ಟಿ ತುಂಬಿಸಿದರು, ರಕ್ತ ತೆಗೆದು ಗಾಜಿಗೆ ಎಳೆದರು, ಮೈಕ್ರೋಸ್ಕೋಪಿನ ಕನ್ನಡಿಯನ್ನು ಆಕಾಶದ ಕಡೆಗೆ ತಿರುಗಿಸಿದರು. ತಿರುಗಿಸುತ್ತಲೇ ಇದ್ದರು. ಕಪ್ಪು ಬಿಟ್ಟರೆ ಏನೂ ಕಾಣಿಸಲಿಲ್ಲ.

"ಇನ್ನು ಮಂಗಳೂರು" ಎಂದರು, ನನ್ನ ಕಡೆ ನೋಡದೆ. "ಎಡಗಡೆ ಪಕ್ಕೆಲುಬಿನ ಅಡಿಯಲ್ಲಿ ಗುಲ್ಮ ಅಂತ ಒಂದು ಅಂಗ ಉಂಟು. ಅದನ್ನು ಕೊಯ್ದು ತೆಗೆದ್ರೆ ಕೆಲವರಿಗೆ ನಿಲ್ತದೆ."

"ಕೆಲವರಿಗೆ?"

"ಕೆಲವರಿಗೆ."

"ಸೂಜಿ ತಾಗಿದ್ರೆ ರಕ್ತ ನಿಲ್ಲದ ಮಗು ಡಾಕ್ಟ್ರೆ. ಕತ್ತಿ ತಾಗಿಸಿದ್ರೆ?"

"ಅದಕ್ಕೇ ಬೆಳಕಿಗೆ ಕಾಯ್ತಾ ಇರುದು. ಕಾಗೆಯನ್ನು ಕಾಣದೆ ಮಗುವನ್ನು ಕೊಯ್ಲಿಕ್ಕೆ ಕಳಿಸುದು ನನಗೆ ಸರಿ ಕಾಣುದಿಲ್ಲ. ಆದರೆ ಸಂಜೆಗೆ ಮೂಗು ನಿಲ್ಲದಿದ್ರೆ ಕಾರು ಮಾಡಿ ಕಳಿಸುದೇ."

ಅವರು ಕಿಟಕಿಯಲ್ಲಿ ನಿಂತರು, ನಾವು ಮಂಚದ ಸುತ್ತ. ಉಮ್ಮ ಕೆಳಗೆ ನೆಲದಲ್ಲಿ ಕುಳಿತು ತಸ್‌ಬೀಹಿನ ಮಣಿ ಎಣಿಸುತ್ತಿದ್ದರು. ಹಂಚಿನ ಮೇಲೆ ಮಳೆ. ಬಿಳಿಚಿದ ಮಗು ಮೆಲ್ಲಗೆ ಕೈಯೆತ್ತಿ ಹೆಬ್ಬೆರಳನ್ನು ಬಾಯಿಗಿಟ್ಟಿತು. ಇಟ್ಟದ್ದೇ ಮುಖ ಕಿವುಚಿತು, ತೆಗೆಯಿತು, ಬೆರಳನ್ನು ಫ್ರಾಕಿಗೆ ಒರೆಸಿ ಮತ್ತೆ ಇಟ್ಟುಕೊಂಡಿತು.

ಡಾಕ್ಟರು ಕಿಟಕಿ ಬಿಟ್ಟು ಬಂದರು. "ಎಂತ ಪುಟ್ಟ? ರುಚಿ ಇಲ್ವಾ?" ಅವರು ಬಗ್ಗಿ ಆ ಕೈ ಹಿಡಿದು, ಹೆಬ್ಬೆರಳನ್ನು ತನ್ನ ಬಾಯೊಳಗೆ ಇಟ್ಟುಕೊಂಡರು.

ಮೀನಿನ ವಾಸನೆಗೇ ಮೂಗು ಮುಚ್ಚುವ ಜಾತಿಯವರು ಅವರು. ಒಣಮೀನಿನ ಮೂಟೆಗಳ ನಡುವೆ ಬೆಳೆದ ಮಗುವಿನ ಬೆರಳು ಅದು, ಅದರ ಮೇಲೆ ಒಣಗಿದ ರಕ್ತ. ಸಾರಿಗೆ ಉಪ್ಪು ಸರಿಯುಂಟೇ ಎಂದು ನೋಡುವವರಂತೆ ಕಣ್ಣು ಮುಚ್ಚಿ ಚೀಪಿದರು. ನನ್ನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಉಮ್ಮನ ಕೈಯ ಮಣಿ ನಿಂತಿತು.

ಕಣ್ಣು ತೆರೆದು ಹೇಳಿದರು: "ಕ್ವಿನೈನ್! ಯಾರು ಕೊಟ್ಟದ್ದು?"

"ಯಾರೂ ಕೊಡಲಿಲ್ಲ ಡಾಕ್ಟ್ರೆ…"

"ಬ್ಯಾರಿಗಳೆ!"

ನೆಲದಿಂದ ಉಮ್ಮ ಹೇಳಿದರು: "ಕೊಟ್ಟದ್ದಲ್ಲ, ಹಚ್ಚಿದ್ದು. ಬೆರಳು ಚೀಪುದು ಬಿಡ್ಲಿಕ್ಕೆ. ಆರು ವರ್ಷದ ಹೆಣ್ಣು ಬೆರಳು ಚೀಪಿದ್ರೆ ಹಲ್ಲು ಮುಂದೆ ಬರ್ತದೆ, ನಾಳೆ ಯಾರು ಕೇಳ್ತಾರೆ ಅವಳನ್ನು? ಬೇವು ಹಚ್ಚಿ ನೋಡಿದೆ, ಅದನ್ನು ಬೆಲ್ಲದ ಹಾಗೆ ತಿಂದಳು. ಹಾಗೆ ಜ್ವರದ ಗುಳಿಗೆ ತೇದು ಹಚ್ಚಿದ್ದು. ಬೆಳಿಗ್ಗೆ ಒಮ್ಮೆ, ಮಲಗುವಾಗ ಒಮ್ಮೆ. ಅದು ಮದ್ದಲ್ಲ ಡಾಕ್ಟ್ರೆ, ಅದು ಬೆರಳಿಗೆ."

ನಮ್ಮ ಕಡೆ ಮಕ್ಕಳ ಮದ್ದನ್ನು ತೇಯುವ ಕಲ್ಲು ಎಲ್ಲ ಮನೆಗಳಲ್ಲೂ ಇರುತ್ತದೆ; ಗಂಧದ ಹಾಗೆ ನೀರು ಹನಿಸಿ ತೇದು ಬೆರಳಲ್ಲಿ ತೆಗೆಯುವುದು. ನಫೀಸಳಿಗೆ ನಾಲ್ಕು ವರ್ಷವಿದ್ದಾಗ ಮಲೇರಿಯಾ ಬಂದು ಕ್ವಿನೈನಿನಿಂದ ಗುಣವಾಗಿತ್ತು. ಉಳಿದ ಗುಳಿಗೆಗಳ ಶೀಸೆಯನ್ನು ಉಮ್ಮ ಜೋಪಾನ ಮಾಡಿದ್ದರು. ಇಚಿಲಂಪಾಡಿಗೂ ಶೀಸೆ, ಕಲ್ಲು ಎರಡೂ ಬಟ್ಟೆಯ ಗಂಟಿನೊಳಗೆ ಹೋಗಿದ್ದವು. ಆಸ್ಪತ್ರೆಯಲ್ಲಿ ಮಗುವಿನ ಹತ್ತಿರ ಇರುತ್ತಿದ್ದದ್ದು ನನ್ನ ಹೆಂಡತಿ, ಅಲ್ಲಿ ತೇಯುವವರಿರಲಿಲ್ಲ.

ಈಗ ಗುಡುಗುತ್ತಾರೆ ಎಂದು ನಾನು ತಲೆ ತಗ್ಗಿಸಿದೆ. ಗುಡುಗಲಿಲ್ಲ. ಬಿಸಿನೀರು, ಸಾಬೂನು ತರಿಸಿ ತಾನೇ ಆ ಬೆರಳನ್ನು ಉಗುರಿನ ಸಂದಿಯವರೆಗೆ ತೊಳೆದರು. "ಕಾಗೆ ಸಿಕ್ಕಿತಾ ಡಾಕ್ಟ್ರೆ?" ಎಂದು ಕೇಳಿದೆ. "ಕಂಡ ಮೇಲೆ ಹೇಳ್ತೇನೆ" ಎಂದರು. ಅಷ್ಟೇ.

ಆ ಸಂಜೆಯವರೆಗಿನ ಹೊತ್ತು ನನ್ನ ಆಯುಷ್ಯದಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಅದನ್ನು ಬೇರೆಯೇ ಇಡಬೇಕು. ಬಾಡಿಗೆ ಕಾರು ಅಂಗಳಕ್ಕೆ ಬಂದು ನಿಂತಿತ್ತು. ಮೂಗಿನ ಪಟ್ಟಿ ಒದ್ದೆಯಾಗುವುದು, ಬದಲಿಸುವುದು, ಮತ್ತೆ ಒದ್ದೆಯಾಗುವುದು. ಕತ್ತಲಾಗುವ ಮೊದಲು ತೆಗೆದ ಪಟ್ಟಿಯನ್ನು ಡಾಕ್ಟರು ಲಾಟೀನಿನ ಹತ್ತಿರ ಹಿಡಿದು ನೋಡಿ, ಕಾರಿನವನಿಗೆ ಹೋಗು ಎಂದು ಕೈಸನ್ನೆ ಮಾಡಿದರು. ಪಟ್ಟಿ ಒಣಗಿತ್ತು.

ಮುಂದಿನ ದಿನಗಳಲ್ಲಿ ಲೆಕ್ಕ ಏರಿತು. ಮಗು ಎದ್ದು ಕುಳಿತಿತು. ಆದರೆ ಮನೆಯವರಲ್ಲಿ ಇನ್ನೊಬ್ಬರು ಬಿದ್ದರು. ಉಮ್ಮ ಆಸ್ಪತ್ರೆಯ ಜಗಲಿಯ ಮೂಲೆ ಹಿಡಿದವರು ಒಳಗೆ ಬರಲಿಲ್ಲ. ಮಗುವನ್ನು ಮುಟ್ಟಲಿಲ್ಲ. ಕರೆದರೆ, "ಈ ಕೈಯಲ್ಲಾ?" ಎಂದು ಎರಡೂ ಕೈಗಳನ್ನು ಬಟ್ಟೆಯೊಳಗೆ ಅಡಗಿಸುವರು. ಗಂಜಿ ಕೊಂಡುಹೋದರೆ ಹಾಗೇ ಆರುತ್ತಿತ್ತು. ನೀರು ಮಾತ್ರ. ಮಗಳು ಉಳಿದಳು, ತಾಯಿ ಹೋಗುತ್ತಾರೆ ಎಂದು ನನಗೆ ಕಾಣತೊಡಗಿತು. ಹೆಂಡತಿ ಅವರ ಕಾಲು ಒತ್ತಿದಳು, ಅತ್ತಳು. ಕಲ್ಲಿನ ಹಾಗೆ ಕುಳಿತಿದ್ದರು.

ಡಾಕ್ಟರು ಹೋಗುವಾಗ ಬರುವಾಗ ಅದನ್ನು ನೋಡುತ್ತಿದ್ದರು. ಒಂದು ದಿನ ನನ್ನನ್ನು ಬದಿಗೆ ಕರೆದು, "ನಿಮ್ಮ ತಾಯಿಯದ್ದು ಎಂತ, ಉಪವಾಸವಾ? ರಂಜಾನ್ ಅಲ್ಲವಲ್ಲ?" ಎಂದರು. ಹೇಳಿದೆ. ಅವರು ಕನ್ನಡಕ ಒರೆಸುತ್ತಾ, "ಆ ಗುಳಿಗೆ ಎಲ್ಲಿಯದ್ದು?" ಎಂದರು.

"ಮಲೇರಿಯಾ ಬಂದಾಗ ಉಪ್ಪಿನಂಗಡಿಯಲ್ಲಿ ಮದ್ದಿನ ಅಂಗಡಿಯವರು ಕೊಟ್ಟದ್ದು. ನಾನೇ ತಂದದ್ದು."

"ತಾಯಿಗೆ ಗೊತ್ತುಂಟಾ?"

"ಪೇಟೆಯಿಂದ ತಂದೆ ಅಂತ ಗೊತ್ತು, ಎಲ್ಲಿಂದ ಅಂತ ಇಲ್ಲ."

"ಹುಂ" ಎಂದು ಒಳಗೆ ಹೋದರು.

ಮರುದಿನ ಆಕಾಶ ಬಿಳಿಯಾಗಿತ್ತು. ಮಗುವಿನ ತೋಳಿನಿಂದ ಸ್ವಲ್ಪ ರಕ್ತ ತೆಗೆದು ಎರಡು ಗಾಜಿನ ನಳಿಗೆಗಳಿಗೆ ಹಾಕಿದರು. ಒಂದಕ್ಕೆ ಉಪ್ಪುನೀರಿನ ಹನಿ, ಇನ್ನೊಂದಕ್ಕೆ ಕ್ವಿನೈನ್ ಕರಗಿಸಿದ ಹನಿ. ಎರಡನ್ನೂ ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ, ಯಾರೂ ಮುಟ್ಟಕೂಡದು ಎಂದರು. ಬಹಳ ಹೊತ್ತಿನ ಮೇಲೆ ಎತ್ತಿ ನೋಡಿದರು. ಆಮೇಲೆ ನನ್ನನ್ನಲ್ಲ, ಉಮ್ಮನನ್ನು ಕರೆಸಿದರು. ಉಮ್ಮ ಬರಲು ಒಪ್ಪಲಿಲ್ಲ. ಆಗ ಅವರೇ ನಳಿಗೆಗಳನ್ನು ಹಿಡಿದುಕೊಂಡು ಜಗಲಿಗೆ ಬಂದು, ಉಮ್ಮನ ಎದುರು ನೆಲದ ಮೇಲೆ ಕುಳಿತರು. ಇವರು ಕಂಡದ್ದನ್ನು ಕಂಡ ಹಾಗೆ ಹೇಳುವವರು. ಹೇಳಿದರೆ ಉಮ್ಮ ಆ ಮೂಲೆಯಿಂದ ಏಳುವುದಿಲ್ಲ.

"ಅಮ್ಮ, ಮನೆಯಲ್ಲಿ ಮೊಸರು ಮಾಡ್ತೀರಾ?" ತುಳುವಿನಲ್ಲಿ ಕೇಳಿದರು.

"ಮಾಡ್ತೇನೆ."

"ನೋಡಿ ಹೇಳಿ, ಇದರಲ್ಲಿ ಸರಿಯಾಗಿ ಹೆಪ್ಪುಗಟ್ಟಿದ್ದು ಯಾವುದು?"

ಉಮ್ಮ ನೋಡಿದರು. ಒಂದರಲ್ಲಿ ಗಟ್ಟಿ ಕೆಂಪು ಮುದುಡಿ ನಡುವಿಗೆ ಬಂದು, ಸುತ್ತ ತಿಳಿ ಹಳದಿ ನೀರು ಬಿಟ್ಟಿತ್ತು. ಇನ್ನೊಂದು ಗಾಜಿಗೆ ಅಂಟಿಕೊಂಡು ಹಾಗೇ ಸಡಿಲ ನಿಂತಿತ್ತು. ಮೊದಲಿನದನ್ನು ತೋರಿಸಿದರು.

"ಇನ್ನೊಂದರಲ್ಲಿ ಆ ಗುಳಿಗೆ ಉಂಟು. ಊರಿಗೆಲ್ಲ ಆಗುವ ಮದ್ದು, ನಿಮ್ಮ ಮೊಮ್ಮಗಳ ರಕ್ತಕ್ಕೆ ಆಗುದಿಲ್ಲ."

ಉಮ್ಮ ನಳಿಗೆಯಿಂದ ಕಣ್ಣು ತೆಗೆದರು. "ಹಾಗಾದ್ರೆ ನಾನೇ."

"ನೀವಲ್ಲ. ಮೊದಲ ಸಲ, ಮಲೇರಿಯಾಕ್ಕೆ ಹೊಟ್ಟೆ ತುಂಬ ಕೊಟ್ಟರಲ್ಲ, ಆಗಲೇ ರಕ್ತ ಅದರ ಮೇಲೆ ಹಗೆ ಕಟ್ಟಿಕೊಂಡದ್ದು. ನೀವು ಹಚ್ಚಿದ್ದು ಸಾಸಿವೆಯಷ್ಟು. ಮೊದಲು ಕೊಟ್ಟವನದ್ದು ದೊಡ್ಡದು." ಒಮ್ಮೆ ಉಸಿರೆಳೆದುಕೊಂಡರು. "ಕೊಟ್ಟವನು ನಾನು. ನಿಮ್ಮ ಮಗ ನನ್ನ ಹತ್ತಿರ ಬಂದಿದ್ರು, ನಾನೇ ಬರೆದು ಕೊಟ್ಟೆ." ಹೇಳಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

ಮಲೇರಿಯಾದ ವರ್ಷ ನಾನು ಅವರ ಮುಖವನ್ನೇ ಕಂಡಿರಲಿಲ್ಲ.

"ಹೌದು ಉಮ್ಮ" ಎಂದೆ.

ಉಮ್ಮ ತಲೆಯೆತ್ತಿದರು. ಎಷ್ಟೋ ದಿನಗಳ ಮೇಲೆ ಆ ಕಣ್ಣಿನಲ್ಲಿ ಬೆಂಕಿ ಕಂಡಿತು. "ನೀವಾ?" ಎಂದರು. "ಎಂತ ಡಾಕ್ಟ್ರು ಮಾರಾಯ್ರೆ ನೀವು! ಮಗುವಿಗೆ ಆಗ್ತದಾ ಇಲ್ವಾ ಅಂತ ನೋಡದೆ ಕೊಡುದಾ? ಅಷ್ಟು ದೊಡ್ಡ ಕೊಳವೆ ಇಟ್ಟುಕೊಂಡು ಕೂತಿದ್ದೀರಿ, ಅದರಲ್ಲಿ ನಿಮಗೆ ಎಂತ ಕಾಣುದು, ಮಣ್ಣಾ? ನಿಮ್ಮ ಮಗುವಾದ್ರೆ ಹಾಗೆ ಕೊಡ್ತಿದ್ರಾ?" ತುಳು ಸಾಲದೆ ನಮ್ಮ ಮನೆಮಾತು ಬ್ಯಾರಿ ಭಾಷೆಗೆ ಇಳಿದರು. ಕೈ ಬಟ್ಟೆಯಿಂದ ಹೊರಗೆ ಬಂದು ಅವರ ಮುಖದ ಮುಂದೆ ಆಡುತ್ತಿತ್ತು. ಬೆಂಚಿನಲ್ಲಿದ್ದ ರೋಗಿಗಳು ಎದ್ದು ನಿಂತು ನೋಡಿದರು. ಇಡೀ ಪುತ್ತೂರನ್ನು ಗದರಿಸುವ ಮನುಷ್ಯ ನೆಲದ ಮೇಲೆ ಕುಳಿತು, ಎರಡು ನಳಿಗೆಗಳನ್ನು ಎದೆಗೆ ಹಿಡಿದುಕೊಂಡು, ಒಂದೊಂದು ಬೈಗುಳಕ್ಕೂ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು.

"ತಪ್ಪಾಯ್ತು ಅಮ್ಮ" ಎಂದರು ಕೊನೆಗೆ.

"ಇನ್ನು ಯಾರಿಗಾದ್ರೂ ಹೀಗೆ ಮಾಡಿದ್ರೆ ನೋಡಿ!"

"ಇಲ್ಲಮ್ಮ."

ಉಮ್ಮ ಗೋಡೆ ಹಿಡಿದು ಎದ್ದರು. ಒಳಗೆ ಹೋಗಿ, ನನ್ನ ಹೆಂಡತಿಯ ಕೈಯಿಂದ ಗಂಜಿಯ ಬಟ್ಟಲನ್ನು ಕಿತ್ತುಕೊಂಡು, ಮಂಚದ ಮೇಲೆ ಕುಳಿತು, ತನ್ನ ಐದೂ ಬೆರಳಿನಿಂದ ಕಲಸಿ ಮೊಮ್ಮಗಳಿಗೆ ಉಣಿಸಿದರು. ಬಟ್ಟಲಿನಲ್ಲಿ ಉಳಿದದ್ದನ್ನು ತಾನು ಉಂಡರು.